ಹೂಡಿ: ಒಂದು ಸಮಾಜಶಾಸ್ತ್ರೀಯ ಅಧ್ಯಯನಕ್ಕೆ ಬೇಕಾದ ವಿಧಾನಗಳು

1. ವ್ಯಾಖ್ಯೆ

ಊರಿಗೆಲ್ಲ ಗೊತ್ತಿರುವ ಸಂಗತಿಯನ್ನು ಊರಿನವರನ್ನೇ ಕೇಳಿ ತಿಳಿದು, ಊರಿನವರಿಗೆ ಅರ್ಥವಾಗದಂತೆ ಬರೆದು, ಪರೀಕ್ಷಕರಿಗೆ ಒಪ್ಪಿಸುವ ಶಿಸ್ತುಬದ್ಧ ಕ್ರಿಯೆಯೇ ಸಾಮಾಜಿಕ ಸಂಶೋಧನೆ. ಸ್ನಾತಕೋತ್ತರ ಹಂತದಲ್ಲಿ ಇದನ್ನು ಎರಡು ಬಗೆಯಲ್ಲಿ ಕಲಿಯಲಾಗುತ್ತದೆ. ಪರೀಕ್ಷೆಯಲ್ಲಿ ಯಾದೃಚ್ಛಿಕ ಮಾದರಿಯ ಗುಣಗಳನ್ನು ಬರೆಯಬೇಕು. ಕಿರುಪ್ರಬಂಧದಲ್ಲಿ ಅದನ್ನು ಏಕೆ ಬಳಸಲಾಗಲಿಲ್ಲವೆಂದು ಬರೆಯಬೇಕು. ಎರಡನೆಯದಕ್ಕೆ ಬೇಕಾದ ಕಾರಣಗಳು ಬೆಂಗಳೂರಿನ ಪೂರ್ವದಂಚಿನ ಹೂಡಿಯಲ್ಲಿ ಧಾರಾಳವಾಗಿ ಸಿಗುತ್ತವೆ.

2. ಸಮಸ್ಯೆಯ ಆಯ್ಕೆ

‘ಹೂಡಿಯ ಜನಜೀವನದ ಮೇಲೆ ಮೆಟ್ರೋ ಪ್ರಭಾವ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’ ಎಂಬುದು ಆದರ್ಶ ಶೀರ್ಷಿಕೆ. ಹೂಡಿಯ ಮೇಲೆ ಹಾದುಹೋಗುವ ಕೃಷ್ಣರಾಜಪುರ–ವೈಟ್‌ಫೀಲ್ಡ್ ಮಾರ್ಗ ಉದ್ಘಾಟನೆಯಾದದ್ದು 2023ರ ಮಾರ್ಚ್ 25ರಂದು. ಅದನ್ನು ನಗರದ ಉಳಿದ ಮೆಟ್ರೋಗೆ ಸೇರಿಸುವ ಬೈಯಪ್ಪನಹಳ್ಳಿಯ ಕೊಂಡಿ ಕೂಡಿದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಹೀಗಾಗಿ ‘ಮೊದಲು’ ಮತ್ತು ‘ನಂತರ’ಗಳ ನಡುವೆ ‘ಅಷ್ಟರಲ್ಲಿ’ ಎಂಬ ಮೂರನೆಯ ಕಾಲಘಟ್ಟವೂ ಲಭ್ಯವಿದೆ. ವಿದ್ಯಾರ್ಥಿ ಪ್ರವೇಶ ಪಡೆಯುವುದು ಮೆಟ್ರೋ ಬಂದ ಮೇಲಾದ್ದರಿಂದ ‘ಮೊದಲಿನ’ ದತ್ತಾಂಶಕ್ಕೆ ಜನರ ನೆನಪೇ ಗತಿ. ನೆನಪಿನಲ್ಲಿ ಬಾಡಿಗೆ ಯಾವಾಗಲೂ ಕಡಿಮೆ, ಕೆರೆ ಯಾವಾಗಲೂ ಕೋಡಿ. ಬಾಡಿಗೆ ಏರಿದ್ದು ಮೆಟ್ರೋದಿಂದಲೋ, ಕೋವಿಡ್ ಕಳೆದು ಕಂಪನಿಗಳು ನೌಕರರನ್ನು ಆಫೀಸಿಗೆ ಕರೆದದ್ದರಿಂದಲೋ ಎಂಬ ತಕರಾರನ್ನು ‘ಅಧ್ಯಯನದ ಮಿತಿಗಳು’ ಎಂಬಲ್ಲಿ ಒಂದೇ ಸಾಲಿನಲ್ಲಿ ಹೂತಿಡುವುದು ರೂಢಿ. ಊಹಾಸಿದ್ಧಾಂತವನ್ನು ಫಲಿತಾಂಶ ಬಂದ ಮೇಲೆ ಬರೆದರೆ ಅದು ಸುಳ್ಳಾಗುವ ಭಯವಿಲ್ಲ.

3. ಮಾದರಿ

ಮಾದರಿಯ ಗಾತ್ರ 384. ಶೇ. 95ರ ವಿಶ್ವಾಸಮಟ್ಟ, ಶೇ. 5ರ ದೋಷಮಿತಿ ಇಟ್ಟುಕೊಂಡರೆ ಸೂತ್ರ 384.16 ಎನ್ನುತ್ತದೆ. ಆ 0.16 ಮನುಷ್ಯ ಯಾರೆಂದು ಗ್ರಂಥಗಳು ತಿಳಿಸುವುದಿಲ್ಲ. ಹೂಡಿ ಜಂಕ್ಷನ್‌ನಲ್ಲಿ ಹೆಸರು, ವಯಸ್ಸು ಹೇಳಿ, ಸಿಗ್ನಲ್ ಬಿಟ್ಟ ಕೂಡಲೇ ಹೊರಟುಬಿಡುವ ಬೈಕ್ ಸವಾರ ಅವನಿರಬೇಕು.

‘ಪ್ರತಿ ಹತ್ತನೇ ಮನೆ’ ಎಂಬ ನಿಯಮ ಹಳೇ ಊರಿನ ಗಲ್ಲಿಗಳಲ್ಲಿ ಎರಡು ಬೀಗ, ಒಂದು ನಾಯಿಯವರೆಗೆ ನಡೆಯುತ್ತದೆ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ನಿಲ್ಲುತ್ತದೆ. ಕ್ಷೇತ್ರದೊಳಕ್ಕೆ ಬಿಡುವ ಪ್ರಭಾವಿಯನ್ನು ಪಠ್ಯಗಳು ‘ದ್ವಾರಪಾಲಕ’ನೆಂದು ರೂಪಕವಾಗಿ ಕರೆದಿವೆ. ಹೂಡಿಯಲ್ಲಿ ಅವನಿಗೆ ಸಮವಸ್ತ್ರವಿದೆ, ರಿಜಿಸ್ಟರ್ ಇದೆ, ‘ಯಾವ ಫ್ಲಾಟ್?’ ಎಂಬ ಒಂದೇ ಪ್ರಶ್ನೆಯ ಪ್ರಶ್ನಾವಳಿಯೂ ಇದೆ. ಉತ್ತರಿಸದೆ ಒಳಹೋದವರಿಲ್ಲ.

ಅಲ್ಲಿಂದ ಮರಳಿದ ವಿದ್ಯಾರ್ಥಿ ಅನುಕೂಲ ಮಾದರಿಗೆ ಶರಣಾಗುತ್ತಾನೆ: ತಾನಿರುವ ಪಿಜಿಯ ಊಟದ ಹಾಲ್, ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಗೂಗಲ್ ಫಾರ್ಮ್. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಗುಡ್ಡೆ ಹಾಕಿಯೂ, ಸೋಲಲಿದ್ದ ಅಭ್ಯರ್ಥಿ ಗೆಲ್ಲುತ್ತಾನೆಂದು ಸಾರಿತ್ತು. ಈ ಪಾಠವನ್ನು ಐದು ಅಂಕಕ್ಕೆ ಬಾಯಿಪಾಠ ಮಾಡಿದವನೇ ಆ ಫಾರ್ಮ್ ಹಂಚುತ್ತಾನೆ.

4. ದತ್ತಾಂಶ ಸಂಗ್ರಹ

ಮನೋಭಾವ ಅಳೆಯಲು ರೆನ್ಸಿಸ್ ಲಿಕರ್ಟ್ 1932ರಲ್ಲಿ ಮಂಡಿಸಿದ ಮಾಪನದಲ್ಲಿ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲುಗಳು. ಹೂಡಿಯಲ್ಲಿ ಆರನೆಯದೂ ಇದೆ: ‘ನೀವೇ ಏನಾದ್ರೂ ಹಾಕ್ಕೊಳ್ಳಿ.’

2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆಗಳನ್ನು ಕಂಡ ಊರು, ಬಾಗಿಲಿಗೆ ಬಂದವರನ್ನು ಸರ್ಕಾರದವರು, ಪಾರ್ಟಿಯವರು, ಕ್ರೆಡಿಟ್ ಕಾರ್ಡಿನವರು ಎಂದು ತಾನೇ ವರ್ಗೀಕರಿಸಿಟ್ಟುಕೊಂಡಿದೆ. ವರ್ಗ ಖಚಿತವಾಗುವ ತನಕ ಸಂದರ್ಶನ ತಿರುಗುಮುರುಗು: ‘ಯಾವೂರಪ್ಪ? ಅಪ್ಪ ಏನ್ ಮಾಡ್ತಾರೆ? ಇದು ಓದಿದ್ರೆ ಕೆಲಸ ಸಿಗುತ್ತಾ?’ ಮೂರನೆಯ ಪ್ರಶ್ನೆಗೆ ಯಾವ ವಿಧಾನಗ್ರಂಥದಲ್ಲೂ ಉತ್ತರವಿಲ್ಲ.

ಸಹಭಾಗಿ ಅವಲೋಕನಕ್ಕೆ ಎಂ. ಎನ್. ಶ್ರೀನಿವಾಸರೇ ಮಾದರಿ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಅದಕ್ಕೆ ರಾಮಪುರವೆಂದು ಹೆಸರಿಟ್ಟರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬಿದ್ದ ಬೆಂಕಿಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಆಹುತಿಯಾದವು. ನೆನಪಿನ ಬಲದಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಇಂದಿನ ದತ್ತಾಂಶ ಕ್ಲೌಡ್‌ನಲ್ಲಿರುವುದರಿಂದ ಬೆಂಕಿಯ ಭಯವಿಲ್ಲ. ಅದು ಅಳಿಸಿಹೋದರೆ ಹೂಡಿಯ ಬಗ್ಗೆ ನೆನಪಿನಿಂದ ಬರೆಯಬಹುದಾದದ್ದು ಬೈಟು ಕಾಫಿಯ ಬೆಲೆ.

5. ವಿಶ್ಲೇಷಣೆ ಮತ್ತು ವರದಿ

ದತ್ತಾಂಶವನ್ನು ಎಸ್‌ಪಿಎಸ್‌ಎಸ್‌ಗೆ ಉಣಿಸಿ ಕೈ-ವರ್ಗ ಪರೀಕ್ಷೆ ಮಾಡಬೇಕು. ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದರೆ ಸಂಬಂಧ ಸಾರ್ಥಕ; 0.06 ಬಂದರೆ ರಾತ್ರಿ ಪಿಜಿಯಲ್ಲಿ ಇನ್ನೂ ಹತ್ತು ಜನ ಸಿಗುತ್ತಾರೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ‘ಅಧ್ಯಯನ ಕ್ಷೇತ್ರದ ಪರಿಚಯ’ವನ್ನು ಹಳೆಯ ಪ್ರಬಂಧದಿಂದ ಇಳಿಸಿಕೊಳ್ಳುವಾಗ ರಾಮನಗರ ಎಂದಿರುವಲ್ಲೆಲ್ಲ ಹೂಡಿ ಎಂದು ಬದಲಿಸಬೇಕು, ರೇಷ್ಮೆಗೂಡಿನ ಮಾರುಕಟ್ಟೆಯನ್ನು ತೆಗೆಯಲು ಮರೆಯಬಾರದು. ಸಲಹೆಗಳ ಅಧ್ಯಾಯದಲ್ಲಿ ಸರ್ಕಾರ ಗಮನ ಹರಿಸಬೇಕು, ಹೆಚ್ಚಿನ ಸಂಶೋಧನೆ ನಡೆಯಬೇಕು.

6. ಮೌಲ್ಯಮಾಪನ

ವೈವಾದಲ್ಲಿ ಬಾಹ್ಯ ಪರೀಕ್ಷಕರು ಮಾದರಿ ಎಷ್ಟೆಂದು ಕೇಳುತ್ತಾರೆ. 384 ಎಂದರೆ ತಲೆದೂಗುತ್ತಾರೆ. ರೆಕ್ಸಿನ್ ಹೊದಿಕೆಯ ಒಂದು ಪ್ರತಿ ವಿಭಾಗದ ಗ್ರಂಥಾಲಯ ಸೇರುತ್ತದೆ. ಮುಂದಿನ ಬ್ಯಾಚಿನವರು ಅದನ್ನು ಇಳಿಸಿಕೊಂಡು, ಹೂಡಿ ಎಂದಿರುವಲ್ಲೆಲ್ಲ ಕಾಡುಗೋಡಿ ಎಂದು ಬದಲಿಸುತ್ತಾರೆ.