ಕೆಸರು ಕಾಣದ ಕೆಂಪು

ಬೆಂಗಳೂರಿನ ಜೆ.ಸಿ. ರಸ್ತೆ. ಗಾಡಿ ಅಲಂಕಾರದ ಅಂಗಡಿ ಮುಂದೆ ಕಪ್ಪು ಥಾರ್.

"ಅಣ್ಣ, ಗಾಡಿ ನೋಡಿದ್ರೆ ಕಾಡು ಸುತ್ತಿ ಬಂದಂಗಿರ್ಬೇಕು."

"ಬ್ರೇಕ್ ಕ್ಯಾಲಿಪರ್‌ಗೆ ಕೆಂಪು ಹೊಡೆಯೋಣ ಸಾರ್. ಶಾಖ ತಡೆಯೋ ಪೇಂಟೇ ಆಗ್ಬೇಕು, ಇಲ್ಲಾಂದ್ರೆ ಹಪ್ಪಳದ ಥರ ಎದ್ದು ಬರುತ್ತೆ."

"ಟೋ ಹುಕ್ಕೂ ಕೆಂಪೇ ಇರ್ಲಿ. ಮ್ಯಾಚ್ ಆಗ್ಬೇಕಲ್ಲ."

"ಅದು ಮ್ಯಾಚಿಂಗ್‌ಗಲ್ಲ ಸಾರ್. ಗಾಡಿ ಕೆಸರಲ್ಲಿ ಹೂತಾಗ ಹಗ್ಗ ಎಲ್ಲಿ ಸಿಗಿಸ್ಬೇಕು ಅಂತ ಥಟ್ಟನೆ ಕಾಣೋಕೆ."

"ಕೆಸರಾ? ಮೊನ್ನೆ ತಾನೇ ಸೆರಾಮಿಕ್ ಕೋಟಿಂಗ್ ಮಾಡ್ಸಿದೀನಿ!"

(ಅಂಗಡಿಯವನು ನಗಲಿಲ್ಲ. ವ್ಯಾಪಾರ ಅಂದರೆ ಅದು.)

"ಮತ್ತೆ ಆಫ್‌ರೋಡ್ ಎಲ್ಲಿ ಸಾರ್?"

"ನಮ್ಮ ಲೇಔಟ್ ಮುಂದೆ ರಸ್ತೆ ಅಗೆದು ಬಿಟ್ಟಿದ್ದಾರಲ್ಲ, ಅಲ್ಲೇ."

"ಫೋರ್ ಬೈ ಫೋರ್ ಹಾಕ್ಕೊಂಡು ದಾಟ್ತೀರಾ?"

"ಆ ಚಿಕ್ಕ ಗೇರ್ ಕಡ್ಡಿನಾ? ಮುಟ್ಟೇ ಇಲ್ಲ. ಅದರ ತಲೆಗೂ ಕೆಂಪು ಹೊಡೀಬಹುದಾ?"

"ಧಾರಾಳವಾಗಿ. ಬೇಕಾದ್ರೆ ಬಾಡಿಗೇ ಹೊಡೆಯೋಣ. ಆದ್ರೆ ಗಾಡಿ ಬಣ್ಣ ಬದಲಾದ್ರೆ ಆರ್‌ಸಿಯಲ್ಲೂ ಬದಲಾಗ್ಬೇಕು, ಆರ್‌ಟಿಓ ಆಫೀಸಿಗೆ ನೀವೇ ಓಡಾಡ್ಬೇಕಾಗುತ್ತೆ."

"ಅಯ್ಯೋ, ಅಷ್ಟು ಸಾಹಸ ಬೇಡಪ್ಪ. ಕನ್ನಡಿ ಬೆನ್ನಿಗೆ ಒಂದು ಗೆರೆ ಎಳೆದುಬಿಡು, ಸಾಕು."