ಜಾಕ್ ಗೌಡರು

ಸಿಂಗಪುರದಲ್ಲಿ ಬೇಸಾಯಕ್ಕೆ ಬಿಟ್ಟಿರುವುದು ಒಟ್ಟು ನೆಲದಲ್ಲಿ ಶೇ. 1ಕ್ಕಿಂತ ಕಡಿಮೆ. ಆದರೆ ಅಲ್ಲಿರುವ ಕನ್ನಡಿಗ ರೈತರನ್ನು ಅಲ್ಲಿನ ಸರ್ಕಾರ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಇವರು ಪುಂಗೋಲ್, ಸೆಂಗ್‌ಕಾಂಗ್, ಯೀಶೂನ್‌ಗಳ ಹತ್ತನೇ ಹನ್ನೆರಡನೇ ಮಹಡಿಗಳಲ್ಲಿ ವಾಸ. ಜಮೀನು ಹೊಳೆನರಸೀಪುರದಲ್ಲೋ ಶಿರಾದಲ್ಲೋ. ಉಳುವವನು ತಮ್ಮ, ಉಳಿಸಿದವನು ಅಣ್ಣ ಎಂಬುದು ಇವರ ಗಟ್ಟಿ ನಂಬಿಕೆ. ಮಳೆ ಬಂತೇನೋ ಎಂದು ಇವರು ತಮ್ಮನನ್ನು ಕೇಳುವುದಿಲ್ಲ. ಫೋನಿನಲ್ಲಿ ಉಪಗ್ರಹದ ಚಿತ್ರ ನೋಡಿ, ‘ನಿಮ್ಮಲ್ಲಿ ಮಳೆ ಬರ್ತಾ ಇದೆ’ ಎಂದು ತೋಟದಲ್ಲಿ ನೆನೆಯುತ್ತಾ ನಿಂತವನಿಗೇ ತಿಳಿಸುತ್ತಾರೆ.

ಈ ಪಂಗಡದಲ್ಲಿ ನನ್ನ ಪಾಲಿಗೆ ಬಂದವರು ನಮ್ಮ ಬ್ಲಾಕಿನ ಗೌಡರು. ಜುರಾಂಗ್ ದ್ವೀಪದ ಒಂದು ಕಾರ್ಖಾನೆಯಲ್ಲಿ ನಿರ್ವಹಣೆಯ ಎಂಜಿನಿಯರು. ಏಳು ಪುಟ್ಟ ದ್ವೀಪಗಳ ನಡುವಿನ ಸಮುದ್ರ ತುಂಬಿಸಿ ಮಾಡಿದ ಆ ನೆಲದಲ್ಲಿ ಪಾಸ್ ಇಲ್ಲದೆ ಕಾಲಿಡುವಂತಿಲ್ಲ. ಇವರ ಕಾರ್ಖಾನೆಯೊಳಗೆ ಫೋನೂ ತೆಗೆಯುವಂತಿಲ್ಲ. ಹಾಗಾಗಿ ಹಗಲೆಲ್ಲ ಕಟ್ಟಿಟ್ಟ ಬೇಸಾಯ ಸಂಜೆ ಏಳಕ್ಕೆ ನಮ್ಮ ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಒಡೆದುಕೊಳ್ಳುತ್ತದೆ. ಮನೆಯೊಳಗೆ ಅಷ್ಟು ಜೋರಾಗಿ ಮಾತಾಡಲು ಗೌಡತಿಯವರ ಅಪ್ಪಣೆಯಿಲ್ಲ. ಊರಲ್ಲಿ ಆಗ ನಾಲ್ಕೂವರೆ, ತಮ್ಮ ಹಾಲು ಕರೆಯಲು ಕೂರುವ ಹೊತ್ತು. 1982ರ ಜನವರಿ 1ರಂದು ಸಿಂಗಪುರ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿತು. ಅದಕ್ಕೆ ಮೊದಲು ಊರಿಗೂ ಇಲ್ಲಿಗೂ ಎರಡೇ ಗಂಟೆ ಅಂತರ. ಆಗಿನ್ನೂ ಊರಲ್ಲಿ ಗೋಲಿ ಆಡುತ್ತಿದ್ದ ಗೌಡರು, ಆ ಅರ್ಧ ಗಂಟೆಯನ್ನು ತಮ್ಮ ಕಿಸೆಯಿಂದಲೇ ಕಸಿದರು ಎಂಬಂತೆ ಈಗಲೂ ಕುದಿಯುತ್ತಾರೆ.

ಅವರ ಸಾಲದ ಲೆಕ್ಕ, ಕೊಬ್ಬರಿ ರೇಟು, ಸಂಘದ ರಾಜ್ಯೋತ್ಸವದಲ್ಲಿ ಮೈಕ್ ಬಿಡದ ಚಾಳಿ, ಎಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಜಾಕ್.

ತೆಂಗಿನ ಸಾಲುಗಳ ನಡುವೆ ನುಸುಳಲೆಂದು ಊರಲ್ಲಿ ಒಂದು ಮಿನಿ ಟ್ರಾಕ್ಟರ್ ಕೊಂಡಿದ್ದರು. ಅದರ ಟ್ರೈಲರ್ ಎತ್ತುವ ಹೈಡ್ರಾಲಿಕ್ ಜಾಕಿನ ಕತ್ತಿನಲ್ಲಿ ಆಯಿಲ್ ಸೋರತೊಡಗಿತು. ಅರ್ಧ ಎತ್ತಿದ ಗೊಬ್ಬರದ ಟ್ರೈಲರ್ ನಿಧಾನಕ್ಕೆ, ನಿದ್ದೆ ಬಂದವರ ತಲೆಯಂತೆ, ಕೆಳಗಿಳಿಯುತ್ತದೆ.

“ಅಣ್ಣಯ್ಯ, ಪ್ಯಾಟೇಲಿ ಸೀಲ್ ಸಿಗ್ತದೆ. ಹಳೇದ ಬಿಚ್ಕಂಡೋಗಿ ತೋರ್ಸುದ್ರೆ ಆಯ್ತು,” ಎಂದ ತಮ್ಮ.

“ಬಿಚ್ಚಬ್ಯಾಡ! ಮೊದ್ಲು ಟ್ರೈಲರ್‌ಗೆ ದಿಮ್ಮಿ ಕೊಡು. ಪ್ರೆಶರ್ ಇಳ್ಸು. ಸೋರೋ ಕಡೆ ಬೆರಳು ಇಡಬ್ಯಾಡ, ರಟ್ಟು ಹಿಡಿದು ನೋಡು. ಆ ಪ್ರೆಶರಿಗೆ ಸಣ್ಣ ತೂತಿನಿಂದ ಬರೋ ಎಣ್ಣೆ ಚರ್ಮದೊಳಕ್ಕೇ ನುಗ್ತದೆ.”

ಇದೆಲ್ಲ ನಿಜ. ಗೌಡರ ತೊಂದರೆಯೇ ಅದು. ಅವರು ಹೇಳುವುದೆಲ್ಲ ನಿಜವಿರುತ್ತದೆ, ಆದರೆ ಅದನ್ನು 1795ರಿಂದ ಶುರು ಮಾಡುತ್ತಾರೆ. ಲಂಡನ್ನಿನ ಜೋಸೆಫ್ ಬ್ರಾಮಾ ಆ ವರ್ಷ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದಾಗ ಅವನನ್ನೂ ಕಾಡಿದ್ದು ಸೋರಿಕೆಯೇ. ಅವನ ಕೈಕೆಳಗಿದ್ದ ಹೆನ್ರಿ ಮಾಡ್ಸ್ಲೆ ಬಟ್ಟಲಿನಾಕಾರದ ತೊಗಲಿನ ಸೀಲ್ ಮಾಡಿಕೊಟ್ಟನಂತೆ. ಒತ್ತಡ ಏರಿದಷ್ಟೂ ಅದರ ಅಂಚು ಹರಡಿ ಗೋಡೆಗೆ ಬಿಗಿಯುತ್ತದೆ. ಆದ್ದರಿಂದ ಸೀಲಿನ ತುಟಿ ಎಣ್ಣೆಯ ಕಡೆಗೇ ತಿರುಗಿರಬೇಕು. ಅಲ್ಲಿಂದ 1939ಕ್ಕೆ ಹಾರಿ, ಎಪ್ಪತ್ತು ದಾಟಿದ ಮೇಲೆ ಓ-ರಿಂಗಿಗೆ ಅಮೆರಿಕದ ಪೇಟೆಂಟ್ ಪಡೆದ ನೀಲ್ಸ್ ಕ್ರಿಸ್ಟೆನ್ಸನ್. ಅಷ್ಟರಲ್ಲಿ ಆ ಕಡೆ ಕರುವೊಂದು ಫೋನನ್ನು ನೆಕ್ಕಿರುತ್ತದೆ. ಇಲ್ಲವೇ ಅವರವ್ವ ಫೋನ್ ಕಸಿದು, “ಉಂಡ್ಯಾ ಮಗ?” ಎಂದಿರುತ್ತಾರೆ. “ಅವ್ವಾ, ಪಕ್ಕಕ್ಕೆ ಸರಿ, ರಾಡ್ ಕಾಣ್ತಿಲ್ಲ!”

ಕಲ್ಲುಮೇಜಿನಲ್ಲಿ ಚದುರಂಗ ಆಡುವ ಚೀನೀ ಅಂಕಲ್ ಒಂದು ಸಂಜೆ ನನ್ನನ್ನು ಕರೆದು, ನಿನ್ನ ಸ್ನೇಹಿತನಿಗೆ ತಮ್ಮನ ಜೊತೆ ಆಸ್ತಿ ವ್ಯಾಜ್ಯವೇ ಎಂದರು. ಅಲ್ಲ, ಟ್ರಾಕ್ಟರ್ ರಿಪೇರಿ ಎಂದೆ. ಅವರು ಪಾರ್ಕಿಂಗ್ ಕಡೆ ಒಮ್ಮೆ ನೋಡಿ ಕಾಯಿ ನಡೆಸಿದರು.

ಸೀಲನ್ನು ಇಲ್ಲಿಂದಲೇ ಕಳಿಸುವುದೆಂದು ತೀರ್ಮಾನವಾಯಿತು. ಊರಿಗೆ ಹೊರಟಿದ್ದವನು ನಾನು. ಜಲನ್ ಬೆಸಾರಿನ ಅಂಗಡಿಗೆ ನನ್ನನ್ನೂ ಎಳೆದೊಯ್ದರು. ತಮ್ಮ ತನ್ನ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ತೆಗೆದ ಅಳತೆ, ಹತ್ತಾರು ಫೋಟೊ, ಎಲ್ಲವನ್ನೂ ಗೌಡರು ಹರಡಿದರು. ಅಂಗಡಿಯ ಮುದುಕ ಕನ್ನಡಕ ಹಣೆಗೇರಿಸಿ, “ಫೋಟೊ ಕೆನಾಟ್ ಲಾ. ಸ್ಯಾಂಪಲ್ ಬ್ರಿಂಗ್,” ಎಂದ. ಹೊಳೆನರಸೀಪುರದ ತಮ್ಮನೂ ಹೇಳಿದ್ದು ಇದನ್ನೇ ಎಂದು ನಾನು ಬಾಯಿಬಿಡಲಿಲ್ಲ. ಗೌಡರು ಮೂರು ಸೈಜಿನವನ್ನೂ ಕೊಂಡರು.

ನಗುವ ಹಕ್ಕು ನನಗಾದರೂ ಎಲ್ಲಿದೆ? ಐವತ್ತು ವರ್ಷದಿಂದ ಒಲೆ ಹಚ್ಚಿ ಆರಿಸುತ್ತಿರುವ ಅಮ್ಮನಿಗೆ ದಿನಾ ರಾತ್ರಿ ಫೋನ್ ಮಾಡಿ ಗ್ಯಾಸ್ ಆಫ್ ಮಾಡಿದೆಯಾ ಎಂದು ಕೇಳುವ ಮಗ ನಾನು. ಅವಳು ಮಾಡಿಯೇ ಇರುತ್ತಾಳೆ. ಮತ್ತೇನು ಕೇಳಬೇಕೆಂದು ನನಗೆ ತೋಚುವುದಿಲ್ಲ.

ಒಂದು ಸಂಜೆ ತಮ್ಮ ಫೋನ್ ತಿರುಗಿಸುವಾಗ ಜಾಕಿನ ಹಿಂದೆ ಬದು, ಬೇಲಿ, ಆಚೆಯ ತೆಂಗು ತೆರೆಯ ಮೇಲೆ ಹಾದುಹೋದವು. ಗೌಡರು ಸೀಲ್ ಕೂರುವ ಗ್ಲ್ಯಾಂಡಿನ ಮಾತು ಅಲ್ಲೇ ನಿಲ್ಲಿಸಿದರು. “ಹುಣಸೆಮರದ ಆ ಕೊಂಬೆ ಯಾವಾಗ ಕಡುದ್ರಿ?”

“ಹೋದ್ವರ್ಷ್ವೇ. ಕರೆಂಟ್ ತಂತೀಗೆ ತಾಗ್ತಿತ್ತು.”

“ನಂಗ್ಯಾರೂ ಹೇಳ್ಲಿಲ್ಲ.”

ತಮ್ಮ ಸುಮ್ಮನಿದ್ದ. ಹೇಳಲು ಅದೇನು ರಿಪೇರಿಯ ಸಾಮಾನೇ? ಊರಲ್ಲಿ ಕೆಟ್ಟದ್ದು ಅಣ್ಣನಿಗೆ ತಲುಪುತ್ತದೆ, ದುಡ್ಡು ಬೇಕಲ್ಲ, ಬದಲಾದದ್ದು ತಲುಪುವುದಿಲ್ಲ. ಆಯಿಲ್ ಸೋರುವಷ್ಟು ಕಾಲ ಗೌಡರಿಗೆ ದಿನವೂ ತೋಟಕ್ಕೆ ಒಂದು ಗೇಟ್ ಪಾಸ್ ಇತ್ತು.

ನಾನು ಸೀಲ್ ತಲುಪಿಸುವ ಹೊತ್ತಿಗೆ ತಮ್ಮ ಪೇಟೆಯಲ್ಲೇ ಹೊಸದು ಹಾಕಿಸಿ ಗೊಬ್ಬರ ಹೊಡೆಯುತ್ತಿದ್ದ. ನನ್ನ ಪೊಟ್ಟಣವನ್ನು ವಿನಯದಿಂದ ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಪಕ್ಕ ಇಟ್ಟ. ಸುದ್ದಿ ಕೇಳಿದ ಗೌಡರ ಮುಖ ಸಪ್ಪಗಾಯಿತು. ಕೇಳಿದ್ದು ಒಂದೇ ಮಾತು: “ರಾಡಿನ ಮೇಲೆ ಉಗುರು ಎಳೆದು ನೋಡುದ್ರಾ?”

ನೋಡಿರಲಿಲ್ಲ. ರಾಡಿನ ಕ್ರೋಮಿಯಂ ಲೇಪದಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ, ರಾಡ್ ಮೇಲೆ ಕೆಳಗೆ ಆಡಿದಂತೆಲ್ಲ ಅದು ಹೊಸ ಸೀಲನ್ನೂ ಕೊರೆದುಹಾಕುತ್ತದೆ. ಗೀರು ಇತ್ತು. ಆಷಾಢ ಕಳೆಯುವುದರೊಳಗೆ ಮತ್ತೆ ಸೋರಿತು.

ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಈಚೆಗೆ ಕಂಡಿಲ್ಲ. ಚೀನೀ ಅಂಕಲ್‌ಗೂ ಕಾಫಿ ಕೊಡಿಸಿದರು. ಆಮೇಲೆ ನನ್ನ ಪಕ್ಕ ಸರಿದು ಕೂತು, ದೀಪಾವಳಿಗೆ ಊರಿಗೆ ಹೊರಟಿದ್ದೀರಂತೆ ಹೌದಾ ಎಂದು ವಿಚಾರಿಸಿಕೊಂಡರು.

“ರಾಡ್ ಅಷ್ಟೇನೂ ಉದ್ದ ಇಲ್ಲ ಸಾರ್.”