ಕೊಸರು

ಸಿಂಗಪುರದ ಮಗನ ಮನೆಗೆ ಬಂದು ವಾರವಾಗಿತ್ತು. ದಿನಾ ಬೆಳಿಗ್ಗೆ ಹಾಲಿನಲ್ಲಿ ತೇಲುವ ಹಳದಿ ಚಕ್ಕೆಗಳು. "ಗೊಂಜಾಳದ್ದು ಮಾವಾ, ಭಾಳ ಚಲೋ" ಎಂದಳು ಸೊಸೆ. ಅಣ್ಣಿಗೇರಿಯಲ್ಲಿ ಗೊಂಜಾಳ ಎತ್ತಿನ ಬಾಯಿಗೆ ಹೋಗುವುದನ್ನು ನೋಡಿದವನು ನಾನು. ಎತ್ತುಗಳೂ ಹಾಲು ಕೇಳಿರಲಿಲ್ಲ. ಎಂಟನೆಯ ದಿನ ನಮ್ಮಾಕಿ ಸೆರಗು ಸಿಗಿಸಿದಳು: "ನಾಳೆ ಸುಸಲಾ ಮಾಡತೀನಿ. ಹೋಗಿ ಚುರಮುರಿ ತರ್ರಿ."

ಮಗ ದಾರಿ ಹೇಳಿದ. ಲಿಟ್ಲ್ ಇಂಡಿಯಾ ಸ್ಟೇಷನ್, ಪಕ್ಕದಲ್ಲೇ ತೆಕ್ಕಾ ಮಾರ್ಕೆಟ್ಟು. "ಅಲ್ಲೆ ಚೌಕಾಸಿ ಮಾಡಬ್ಯಾಡ್ರಿ ಅಪ್ಪಾ" ಎಂಬುದನ್ನು ಮಾತ್ರ ಎರಡು ಸಲ ಹೇಳಿದ.

ಸ್ಟೇಷನ್ನಿನಿಂದ ಮೇಲೆ ಬಂದರೆ ಬೋರ್ಡು: ಬಫಲೋ ರೋಡ್. ಎಮ್ಮಿ ರೋಡು! ಹಿಂದೆ ಈ ಸೆರಂಗೂನ್ ಭಾಗದಲ್ಲಿ ದನದ ವ್ಯಾಪಾರ ಜೋರಿತ್ತಂತೆ. ಈಗ ಎಮ್ಮೆಯೂ ಇಲ್ಲ, ಸಗಣಿಯೂ ಇಲ್ಲ, ಹೆಸರೊಂದೇ. ಮಾರ್ಕೆಟ್ಟಿನ ಹೆಸರಿನದೂ ಒಂದು ಕಥೆ. 1982ರಲ್ಲಿ ಈಗಿನ ಕಟ್ಟಡಕ್ಕೆ 'ಝೂಜ್ಯಾವ್' ಎಂದು ಶುದ್ಧ ಚೀನಿಯಲ್ಲಿ ನಾಮಕರಣವಾಯಿತು, ಜನರ ನಾಲಿಗೆ ಹೊರಳಲಿಲ್ಲ, 2000ದಲ್ಲಿ ಹಳೆಯ 'ತೆಕ್ಕಾ'ವೇ ವಾಪಸ್ಸು ಬಂತು. ಬಿದಿರಿನ ಬುಡ ಎಂದು ಅದರ ಅರ್ಥ. ಜನರ ನಾಲಿಗೆಗೆ ಸೋತ ಸರ್ಕಾರವನ್ನು ಕಂಡು ನನಗೆ ಧೈರ್ಯ ಬಂತು.

ಕಿರಾಣಿ ಅಂಗಡಿಯ ತಮಿಳಿನವನಿಗೆ 'ಚುರಮುರಿ' ಎಂದೆ. ತಿಳಿಯಲಿಲ್ಲ. ಬೊಗಸೆ ಮಾಡಿ, ಬಾಯಿಗೆ ಎಸೆದುಕೊಂಡು, ಕುರುಕುರು ಸದ್ದು ಮಾಡಿ ತೋರಿಸಿದೆ. ಅವನ ಮುಖ ಅರಳಿತು. "ಪೊರಿ! ಪೊರಿ ವೇಣುಮಾ?"

ನಮ್ಮ ಕಡೆ ಪೋರಿ ಎಂದರೆ ಹುಡುಗಿ. 62 ವರ್ಷದ ನಿವೃತ್ತ ಮಾಸ್ತರನಿಗೆ, ಅದೂ ಬೆಳಿಗ್ಗೆ ಎಂಟು ಗಂಟೆಗೆ! "ಏ ಬ್ಯಾಡೋ ಯಪ್ಪಾ" ಎನ್ನುವಷ್ಟರಲ್ಲಿ ಅವನು ಪ್ಲಾಸ್ಟಿಕ್ ಪಾಕೀಟು ತೆಗೆದು ಮುಂದಿಟ್ಟ. ಒಳಗೆ ನಮ್ಮ ಚುರಮುರಿ, ಕೈದಿಯ ಹಾಗೆ ಕೂತಿತ್ತು. ಊರಲ್ಲಾದರೆ ದರ ಕೇಳುತ್ತಲೇ ಎರಡು ಮುಷ್ಟಿ ಬಾಯಿಗೆ ಹೋಗಿರುತ್ತದೆ. ಸೇರಿನ ಮೇಲೆ ಗೋಪುರ ಏಳುವಂತೆ ಅಳೆದು, ಚೀಲಕ್ಕೆ ಸುರುವಿ, ಮೇಲೊಂದು ಬೊಗಸೆ ಕೊಸರು ಹಾಕಿದ ಮೇಲೆಯೇ ವ್ಯಾಪಾರ ಮುಗಿದಂತೆ. ಕೊಸರು ಹಾಕದವನ ಅಂಗಡಿಗೆ ಮತ್ತೆ ಯಾರು ಹೋಗುತ್ತಾರೆ?

ಆ ನೋವಿನಲ್ಲೇ ಕಾಯಿಪಲ್ಲೆಯ ಚೀನಿ ಅಜ್ಜಿಯ ಹತ್ತಿರ ಹೋದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಲಿಂಬೆಹಣ್ಣು, ಕೊತ್ತಂಬರಿ ಕೊಂಡೆ. ಚೌಕಾಸಿ ಮಾಡಲಿಲ್ಲ, ಮಗನಾಣೆ. ದುಡ್ಡು ಕೊಟ್ಟು, ರೂಢಿಯಂತೆ ಕರಿಬೇವಿನ ಕಟ್ಟಿನ ಕಡೆ ಕೈ ಚಾಚಿ, ನಗುತ್ತ ಹೇಳಿದೆ: "ಕೊಸರು."

ಅಜ್ಜಿ ನನ್ನನ್ನು ನೋಡಿದಳು, ಕರಿಬೇವನ್ನು ನೋಡಿದಳು. "ಕೋಸರು?"

"ಹೂಂ, ಕೊಸರು."

"ಕೋಸರು, ವನ್ ಡಾಲರ್."

ಕರಿಬೇವಿಗೆ 60 ರೂಪಾಯಿಗೂ ಮಿಕ್ಕಿ! ಹಿಂದೆ ಮೂರು ಜನ ನಿಂತಿದ್ದರು, ಕೊಟ್ಟೆ.

ಪುಟಾಣಿ ಹಿಟ್ಟು ಊರಿನಿಂದಲೇ ಬಂದಿತ್ತು. ಸುಸಲಾ ಚಲೋ ಆಯಿತು. ಮೊಮ್ಮಗ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿಟ್ಟ. ನಾನು ಒಂದೊಂದನ್ನೂ ಎತ್ತಿ ತಿಂದೆ.

ಮುಂದಿನ ವಾರ ಮಗನನ್ನು ಕರೆದುಕೊಂಡು ಹೋದೆ. ಅಜ್ಜಿ ದೂರದಿಂದಲೇ ಗುರುತು ಹಿಡಿದು, ಕರಿಬೇವಿನ ಕಟ್ಟು ಎತ್ತಿ ಅಲ್ಲಾಡಿಸಿ ಇಡೀ ತೆಕ್ಕಾ ಕೇಳುವಂತೆ ಕೂಗಿದಳು: "ಅಂಕಲ್! ಕೋಸರು! ಫ್ರೆಶ್ ಕೋಸರು! ವನ್ ಡಾಲರ್!"